ಸಾರಿನ ಬಕೆಟ್ಟಿಗೆ ನಾಲ್ಕು ಎಲೆ ದೂರ

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಓಡಿಸುವವರಿಗೆ ಹೇಳಿಕೊಡಲು ಬರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಪಂಪಿನ ಬಗ್ಗೆ ಅರ್ಧ ದಿನ ಮಾತಾಡುವ ಗಂಡಸರಿದ್ದಾರೆ. ಪಂಪು ಯಾವ ಮೂಲೆಯಲ್ಲಿದೆ ಎಂದು ಕೇಳಿದರೆ ವಾಚ್‌ಮನ್ನನ ಮುಖ ನೋಡುತ್ತಾರೆ. ಅವರಿಗೆ ಯಾರೂ ಸುಮ್ಮನಿರಿ ಎನ್ನುವುದಿಲ್ಲ. ನಾನು ಬಾಯಿ ತೆರೆದರೆ ಮಾತ್ರ, ಅಮ್ಮನಿಗೆ ಲೈಸೆನ್ಸ್ ಉಂಟಾ ಎಂದು ಕೇಳುತ್ತಾರೆ. ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಐದನೇ ಕ್ಲಾಸಿನ ಕೋಣೆ ಹೇಗಿರುತ್ತದೆ ಎಂದು ಕಿಟಕಿಯಿಂದ ನೋಡಿದ್ದೇನೆ ಅಷ್ಟೆ. ಆದರೆ ಎದುರಿಗೆ ಹೋಗುವ ಟ್ರಕ್ಕಿನ ಹಿಂಭಾಗ ನಮ್ಮ ಮೂಗಿಗೆ ತಾಗುವಷ್ಟು ಹತ್ತಿರ ಬಂದಿದೆ ಎಂದು ತಿಳಿಯಲು ಐದನೇ ಕ್ಲಾಸು ಬೇಕಾಗಿಲ್ಲ, ಮೂಗು ಇದ್ದರೆ ಸಾಕು.

ಕಾರಿನಲ್ಲಿ ಎಡಗಡೆಯ ಮುಂದಿನ ಸೀಟು ನನ್ನದು. ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಲಾಗುವುದಿಲ್ಲ ಎಂಬುದು ನಾನು ಎಲ್ಲರಿಗೂ ಹೇಳುವ ಕಾರಣ. ಹಿಂದೆ ಕೂತರೆ ರಸ್ತೆ ಸರಿಯಾಗಿ ಕಾಣುವುದಿಲ್ಲ ಎಂಬುದು ನಿಜವಾದ ಕಾರಣ. ಆ ಸೀಟಿನ ಕೆಳಗೆ ಬ್ರೇಕ್ ಇಲ್ಲ. ಕಾರು ಮಾಡಿದವರ ಬುದ್ಧಿಯೇ ಅಷ್ಟು. ಹೆದರುವವರು ಎಡಗಡೆ ಕೂರುತ್ತಾರೆ, ಬ್ರೇಕ್ ಮಾತ್ರ ಬಲಗಡೆಯವರಿಗೆ ಕೊಟ್ಟಿದ್ದಾರೆ. ಇಲ್ಲದಿದ್ದರೂ ನಾನು ಒತ್ತುತ್ತೇನೆ. ಬಲಗಾಲು ತಾನಾಗಿಯೇ ಹೋಗಿ ನೆಲವನ್ನು ತುಳಿಯುತ್ತದೆ. ಹಾಗೆ ತುಳಿದು ತುಳಿದು ಅಲ್ಲಿಯ ಮ್ಯಾಟು ಸವೆದುಹೋಗಿದೆ. ಉಳಿದ ಮೂರು ಮ್ಯಾಟು ಇನ್ನೂ ಹೊಸದರ ಹಾಗಿವೆ.

ನನ್ನ ಮಗ ದಿನೇಶ ಓಡಿಸುವ ದಿನ ಆ ಕಾಲಿಗೆ ಬಿಡುವೇ ಇರುವುದಿಲ್ಲ. ಅವನು ವರ್ತಕ ನಗರದಲ್ಲಿ ನಮ್ಮವರು, ಅಂದರೆ ಅವನಪ್ಪ, ಶುರುಮಾಡಿದ ಸಸ್ಯಾಹಾರಿ ಹೋಟೆಲನ್ನು ನೋಡಿಕೊಳ್ಳುತ್ತಾನೆ. ಒಳ್ಳೆಯ ಹುಡುಗ. ಹುಡುಗ ಎಂದರೆ ತಲೆ ನೆರೆತಿದೆ, ಆದರೂ ಹುಡುಗನೇ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಯೊಡನೆ ಮೆತ್ತಗೆ ಮಾತಾಡುವವನು, ಸ್ಟೇರಿಂಗ್ ಹಿಡಿದ ಕೂಡಲೇ ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಳ್ಳುತ್ತಾನೆ. ಟೆಂಪೋಗಳ ಹಿಂದೆ ಬರೆದದ್ದನ್ನು ನಾನು ಕನ್ನಡಕ ಇಲ್ಲದೆ ಓದುತ್ತೇನೆ, ಅಷ್ಟು ಹತ್ತಿರ. ಸುಳ್ಳಲ್ಲ, ನಾನು ಮರಾಠಿ ಓದಲು ಕಲಿತದ್ದೇ ಹೀಗೆ. ಘೋಡ್‌ಬಂದರ್ ರಸ್ತೆಯಲ್ಲಿ ಅಕ್ಷರ ಕಲಿತೆ, ಹೆದ್ದಾರಿಯಲ್ಲಿ ಒತ್ತಕ್ಷರ.

"ಎಂತ ಮಾರಾಯ, ನಾವು ಅವನ ಡಿಕ್ಕಿಯಲ್ಲಿ ಕೂತ್ಕೊಂಡು ಹೋಗ್ಲಿಕ್ಕುಂಟಾ?" ಎಂದು ಕೇಳಿದರೆ ಅವನದು ಒಂದೇ ಉತ್ತರ.

"ಅಮ್ಮ, ಇದು ಠಾಣೆ. ಗ್ಯಾಪ್ ಬಿಟ್ರೆ ರಿಕ್ಷಾದವ ನುಗ್ತಾನೆ."

"ನುಗ್ಲಿ. ಅವ ನುಗ್ಗಿದ್ರೆ ನಿನ್ನ ಹೋಟೆಲಿನ ಬಾಗಿಲು ಮುಚ್ತದಾ?"

"ಒಬ್ಬ ನುಗ್ಗಿದ್ರೆ ಅವನ ಹಿಂದೆ ಹತ್ತು ಜನ ನುಗ್ತಾರೆ. ನಿಮಗೆ ಗೊತ್ತಾಗುದಿಲ್ಲ, ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತುಕೊಳ್ಳುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಅದು ಅವನಿಗೂ ಗೊತ್ತು.

ಈಗ ಸೊಸೆಯ ವಿಷಯಕ್ಕೆ ಬರುತ್ತೇನೆ, ಈ ಬರಹ ಅವಳ ಬಗ್ಗೆಯೇ. ಶೈಲಾ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಕೆಲಸ ಬೇಲಾಪುರದ ಒಂದು ಕಚೇರಿಯಲ್ಲಿ. ದಿನಾ ಬೆಳಿಗ್ಗೆ ಸ್ಟೇಶನ್ನಿಗೆ ರಿಕ್ಷಾ, ಅಲ್ಲಿಂದ ನಿಂತುಕೊಂಡೇ ರೈಲು, ಸಂಜೆ ಅದೇ ಉಲ್ಟಾ. ಬೆನ್ನು ನೋವು ಶುರುವಾಯಿತು. ಮನೆಗೆ ಬಂದವಳು ಮೊದಲು ಹಾಲ್‌ನ ನೆಲದ ಮೇಲೆ ಅಂಗಾತ ಮಲಗಿ, ಆಮೇಲೆ ಎದ್ದು ಒಲೆ ಹಚ್ಚುತ್ತಿದ್ದಳು. ಇತ್ತ ನಮ್ಮ ಕಾರು ಇಡೀ ವಾರ ಕವರು ಹೊದ್ದುಕೊಂಡು ಕೆಳಗೆ ಮಲಗಿರುತ್ತಿತ್ತು. ದಿನೇಶ ಹೋಟೆಲಿಗೆ ನಡೆದೇ ಹೋಗುತ್ತಾನೆ, ಆದರೆ ಕೀ ಅವನ ಪ್ಯಾಂಟಿನ ಜೇಬಿನಲ್ಲಿ. ಕಾರು ನಿಂತಲ್ಲೇ ಇರುತ್ತದೆ, ಕೀ ಮಾತ್ರ ವಾಕಿಂಗ್ ಹೋಗಿ ಬರುತ್ತದೆ.

ಶೈಲಾ ಕ್ಲಾಸಿಗೆ ಹೋಗಿ ಡ್ರೈವಿಂಗ್ ಕಲಿತಳು. ಕಲಿಸಿದವನು ಅವಳ ತಲೆಯಲ್ಲಿ ಒಂದು ಮಾತನ್ನು ಮೊಳೆ ಹೊಡೆದ ಹಾಗೆ ಹೊಡೆದಿದ್ದ: ನಿಂತಾಗ ಮುಂದಿನ ಗಾಡಿಯ ಹಿಂದಿನ ಚಕ್ರ ನೆಲಕ್ಕೆ ಮುಟ್ಟುವುದು ಕಾಣಬೇಕು, ಓಡುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಕು. ಮೊದಲ ಸಲ ನಮ್ಮನ್ನು ಕೂರಿಸಿಕೊಂಡು ಹೊರಟಾಗ ಅವಳು ಹಾಗೆಯೇ ಜಾಗ ಬಿಟ್ಟು ಓಡಿಸಿದಳು. ಬಿಟ್ಟ ಜಾಗಕ್ಕೆ ಒಂದು ರಿಕ್ಷಾ ಬಂತು. ಅವಳು ಅದಕ್ಕೂ ಜಾಗ ಬಿಟ್ಟಳು. ಆ ಜಾಗಕ್ಕೆ ಸ್ಕೂಟರು ಬಂತು, ಸ್ಕೂಟರಿನ ಹಿಂದೆ ಗ್ಯಾಸ್ ಸಿಲಿಂಡರಿನ ಟೆಂಪೋ. ಎಲ್ಲರಿಗೂ ಬಿಟ್ಟಳು. ಕಾಪುರಬಾವಡಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ದಿನೇಶ ಹಣೆ ಹಣೆ ಬಡಿದುಕೊಂಡ.

"ಇವಳು ಓಡಿಸಿದ್ರೆ ಕಾರು ಹಿಂದಕ್ಕೆ ಹೋಗ್ತದೆ ಅಮ್ಮ. ಬೇಲಾಪುರಕ್ಕೆ ಹೊರಟವಳು ಭಿವಂಡಿಗೆ ಮುಟ್ತಾಳೆ. ಕೀ ಕೊಡ್ಲಿಕ್ಕೆ ಆಗುದಿಲ್ಲ."

ಶೈಲಾ ಅವತ್ತು ಮನೆಗೆ ಬಂದು ಬಹಳ ಹೊತ್ತು ನೆಲದ ಮೇಲೆ ಮಲಗಿದಳು. ಸೊಸೆ ಬಾಯಿ ಮಾಡಿದರೆ ನನಗೆ ಸುಲಭ, ನಾನೂ ಮಾಡುತ್ತೇನೆ. ಸುಮ್ಮನೆ ಫ್ಯಾನು ನೋಡುತ್ತ ಮಲಗಿದರೆ ಏನು ಮಾಡುವುದು? ದಾಟಿಕೊಂಡು ಹೋಗಲೂ ಆಗುವುದಿಲ್ಲ.

ಇಲ್ಲಿ ಪಂಕ್ತಿಯ ವಿಷಯ ಹೇಳಬೇಕು. ನಮ್ಮವರು ತೀರಿಹೋಗಿ ಬಹಳ ಕಾಲವಾಯಿತು. ಮನುಷ್ಯ ಒಳ್ಳೆಯವರೇ, ಗೊರಕೆ ಒಂದು ಬಿಟ್ಟರೆ. ಠಾಣೆಯಲ್ಲಿ ನಮ್ಮ ಕಡೆಯವರ ಮದುವೆಯೋ ಮುಂಜಿಯೋ ಇದ್ದರೆ, ಬಡಿಸುವವರಿಗೆ ಆಗ ಅವರೇ ಯಜಮಾನರು. ಎಲೆಯ ಮುಂದೆ ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಂದು ಹೋಗುತ್ತವೆ; ಅವುಗಳಿಂದ ಯಾರಿಗೂ ಅಪಾಯವಿಲ್ಲ. ಅಪಾಯ ಇರುವುದು ಅನ್ನದವನ ಹಿಂದೆ ಬರುವ ಸಾರಿನ ಬಕೆಟ್ಟಿನಲ್ಲಿ. ಅನ್ನದವನು ಯಾವಾಗ ನಿಲ್ಲುತ್ತಾನೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಒಬ್ಬರು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ಅವನು ಮುಂದೆ ಹೋದ ಮೇಲೆ ಸ್ವಲ್ಪ ಹಾಕಿ ಎಂದು ಕರೆಯುತ್ತಾರೆ. ಅವನು ಗಕ್ಕನೆ ನಿಂತು ತಿರುಗುತ್ತಾನೆ. ಹಿಂದೆ ಕುದಿಯುವ ಸಾರು.

ಒಮ್ಮೆ ಒಬ್ಬ ಉತ್ಸಾಹಿ ನೆಂಟ ಸಾರಿನ ಬಕೆಟ್ಟು ಹಿಡಿದು ಅನ್ನದವನ ಹಿಮ್ಮಡಿ ತುಳಿಯುವ ಹಾಗೆ ಓಡಿದ. ಅನ್ನದವನು ನಿಂತ. ಸಾರು ಒಬ್ಬ ಹಿರಿಯರ ರೇಷ್ಮೆ ಮಡಿಯ ಮೇಲೆ ಹೋಯಿತು. ಆ ಹಿರಿಯರು ಎದ್ದು ನಿಂತು, "ನಾನು ಇನ್ನೂ ಗುಂಡಿ ತೋಡ್ಲಿಲ್ಲ ಮಾರಾಯ!" ಎಂದು ಕೂಗಿದರು. ಮೈ ಸುಟ್ಟದ್ದಕ್ಕಿಂತ ಅನ್ನದಲ್ಲಿ ಗುಂಡಿ ತೋಡುವ ಮೊದಲೇ ಸಾರು ಬಂದದ್ದು ಅವರಿಗೆ ದೊಡ್ಡ ಅಪಚಾರ. ಅವತ್ತಿನಿಂದ ನಮ್ಮವರು ಕಾನೂನು ಮಾಡಿದರು. ಅನ್ನದವನು ನಾಲ್ಕು ಎಲೆ ಮುಂದೆ ಹೋದ ಮೇಲೆಯೇ ಸಾರು ಹೊರಡಬೇಕು. ಅಷ್ಟರಲ್ಲಿ ಉಣ್ಣುವವರು ಗುಂಡಿ ತೋಡಿಕೊಂಡಿರುತ್ತಾರೆ, ಅನ್ನವೂ ಆರಿರುವುದಿಲ್ಲ, ಅನ್ನದವನು ನಿಂತರೂ ಬಕೆಟ್ಟಿಗೆ ಜಾಗ ಇರುತ್ತದೆ. ಆ ನಾಲ್ಕು ಎಲೆಯ ನಡುವೆ ಉಪ್ಪಿನಕಾಯಿಯವನು ಎರಡನೇ ಸಲ ನುಗ್ಗುತ್ತಾನೆ. ನುಗ್ಗಲಿ. ಉಪ್ಪಿನಕಾಯಿಯವನು ನುಗ್ಗಿದ ಎಂದು ಇಲ್ಲಿಯವರೆಗೆ ಯಾರೂ ಉಪವಾಸ ಎದ್ದು ಹೋಗಿಲ್ಲ.

ಮಜಾ ಏನೆಂದರೆ, ಈ ಕಾನೂನಿನಲ್ಲಿ ಬೆಳೆದವನೇ ನನ್ನ ಮಗ. ಬಕೆಟ್ಟು ಹಿಡಿದರೆ ಇವತ್ತಿಗೂ ನಾಲ್ಕು ಎಲೆ ಬಿಟ್ಟು ನಡೆಯುತ್ತಾನೆ. ಸ್ಟೇರಿಂಗ್ ಹಿಡಿದರೆ ಅರ್ಧ ಎಲೆಯೂ ಇಲ್ಲ.

ಇದನ್ನು ಅವನ ಮುಖಕ್ಕೇ ಹೇಳಿದೆ. ಶೈಲಾಳ ತಮ್ಮ ಡೊಂಬಿವಲಿಯಲ್ಲಿ ಹೊಸ ಫ್ಲ್ಯಾಟು ತೆಗೆದುಕೊಂಡಿದ್ದ. ಗೃಹಪ್ರವೇಶದ ಊಟ ನಮ್ಮ ಹೋಟೆಲಿನಿಂದಲೇ ಹೋಗಬೇಕಿತ್ತು. ಆ ಮಾತು ನಡೆಯುವಾಗ ನಾನು ಪಂಕ್ತಿಯ ಮಾತು ತೆಗೆದದ್ದಕ್ಕೆ ದಿನೇಶನಿಗೆ ಸಿಟ್ಟು ಬಂತು.

"ಆಯ್ತು. ಡೊಂಬಿವಲಿಗೆ ಅವಳೇ ಓಡಿಸ್ಲಿ. ಶೀಲ್ ಫಾಟಾದಲ್ಲಿ ಗ್ಯಾಪ್ ಬಿಟ್ಟು ನೋಡ್ಲಿ. ಎಲೆ ಹಾಕುವ ಮೊದ್ಲು ಮುಟ್ಟಿಸ್ಬೇಕು, ಕಾರಿಗೆ ಒಂದು ಗೀರು ಬೀಳ್ಬಾರ್ದು. ಹಾಗೆ ಆದ್ರೆ ಕೀ ಅವಳದ್ದೇ, ದಿನಾ ಬೇಲಾಪುರಕ್ಕೆ ತಗೊಂಡು ಹೋಗ್ಲಿ. ಇಲ್ದಿದ್ರೆ ಈ ಮಾತು ಇನ್ನು ಮನೆಯಲ್ಲಿ ಬೇಡ."

"ಪಕ್ಕಾ?" ಎಂದಳು ಶೈಲಾ.

"ಪಕ್ಕಾ. ಅಮ್ಮನೇ ಸಾಕ್ಷಿ."

ಆ ಭಾನುವಾರ ಬೆಳಿಗ್ಗೆ ಹೊರಟೆವು. ಅನ್ನ, ಪಲ್ಯ, ಹುಳಿ ಎಲ್ಲ ಹೋಟೆಲಿನ ಟೆಂಪೋದಲ್ಲಿ. ಅದನ್ನು ಓಡಿಸುವವನು ವಿಜಯಪುರ ಕಡೆಯ ಸಿದ್ದಪ್ಪ, ಹೇಳಿದ ಮಾತನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯ. ಅವನು ಡೊಂಬಿವಲಿಯ ಆ ಹೊಸ ಬಿಲ್ಡಿಂಗು ನೋಡಿರಲಿಲ್ಲ. ಆದ್ದರಿಂದ ದಿನೇಶ ಅವನಿಗೆ, "ನಮ್ಮ ಬೆನ್ನು ಬಿಡ್ಬೇಡ ಸಿದ್ದಪ್ಪ. ನಡುವೆ ಯಾರನ್ನೂ ಬಿಟ್ಕೊಳ್ಬೇಡ, ದಾರಿ ತಪ್ತದೆ" ಎಂದು ಬಲವಾಗಿ ಹೇಳಿ ಕಾರು ಹತ್ತಿದ. ಸಾರು ಮಾತ್ರ ನಾನೇ ಮಾಡಿದ್ದೆ. ಬೀಗಿತ್ತಿಯ ಸಾರನ್ನು ಒಮ್ಮೆ ಉಂಡಿದ್ದೇನೆ. ಅದರಲ್ಲಿ ಟೊಮೆಟೊ ಸ್ನಾನ ಮಾಡಿ ಎದ್ದು ಹೋದ ಹಾಗಿತ್ತು. ಸಾರಿನ ದೊಡ್ಡ ಸ್ಟೀಲ್ ಡಬ್ಬ ನನ್ನ ಎರಡು ಕಾಲುಗಳ ನಡುವೆ. ಪಾಯಸದ ಪಾತ್ರೆ ಹಿಂದೆ ದಿನೇಶನ ತೊಡೆಯ ಮೇಲೆ. ಅವನು ಜರಿಯಂಚಿನ ಬಿಳಿ ಪಂಚೆ ಉಟ್ಟಿದ್ದ. ಮೊಮ್ಮಗಳು ಇವರ ಜಗಳ ಕೇಳಲಾರೆ ಎಂದು ಹಿಂದಿನ ದಿನವೇ ರೈಲಿನಲ್ಲಿ ಡೊಂಬಿವಲಿಯ ಅಜ್ಜಿಯ ಮನೆಗೆ ಹೋಗಿದ್ದಳು. ಬುದ್ಧಿವಂತೆ.

ಮುಂಬ್ರಾ ಬೈಪಾಸಿನ ತನಕ ಎಲ್ಲ ಚೆನ್ನಾಗಿತ್ತು. ಶೈಲಾಳಿಗೆ ದೂರದ ಅಂದಾಜು ಸಿಗಲಿ ಎಂದು ನಾನು ಎಲೆ ಲೆಕ್ಕದಲ್ಲಿ ಹೇಳಿಕೊಡುತ್ತಿದ್ದೆ. ಕಾರಿನ ಎಲೆ ಬಾಳೆ ಎಲೆಗಿಂತ ದೊಡ್ಡದು, ಒಂದು ಎಲೆ ಎಂದರೆ ಒಂದು ಕಾರಿನ ಉದ್ದ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಮೆಲ್ಲನೆ ಹೋಗುವಾಗ ನಾಲ್ಕು ಸಾಕು, ವೇಗ ಹೆಚ್ಚಾದರೆ ಎಲೆಯೂ ಹೆಚ್ಚು.

"ಅತ್ತೆ, ಈಗ ಎಷ್ಟು?"

"ಐದು. ಒಳ್ಳೇದುಂಟು. ಬಂದ ನೋಡು ಉಪ್ಪಿನಕಾಯಿಯವ."

"ಹಾಂ, ಕಂಡ." ಅವಳು ರಿಕ್ಷಾಕ್ಕೆ ದಾರಿ ಬಿಟ್ಟು ಮತ್ತೆ ಹಿಂದಾದಳು.

"ಇದೆಂತ ಊಟವಾ ಡ್ರೈವಿಂಗಾ?" ಎಂದು ಹಿಂದಿನಿಂದ ದಿನೇಶ. "ಎಲ್ಲರಿಗೂ ದಾರಿ ಬಿಟ್ಟು ನಾವು ಪಂಕ್ತಿಯ ಕೊನೆಗೆ ಕೂರುದು."

ಶೀಲ್ ಫಾಟಾದ ಕೂಡುರಸ್ತೆ ಬಂತು. ಅಲ್ಲಿ ರಸ್ತೆ ಎಂದರೆ ಲಾರಿಗಳ ಜಾತ್ರೆ. ಕಲ್ಯಾಣದ ಕಡೆಗೆ ತಿರುಗಿದ ಮೇಲೆ ಒಮ್ಮೆ ಓಡುವುದು, ಒಮ್ಮೆ ನಿಲ್ಲುವುದು. ಶೈಲಾ ಎಷ್ಟು ಬಿಟ್ಟರೂ ಬಂದು ತುಂಬುತ್ತಿದ್ದರು. ಆಗ ಬೀಗಿತ್ತಿಯ ಫೋನು. ದಿನೇಶ ಬೇಕೆಂದೇ ಸ್ಪೀಕರ್ ಹಾಕಿದ.

"ಎಲ್ಲಿದ್ದೀರಿ? ಎಲೆ ಹಾಕ್ಲಿಕ್ಕೆ ಹೇಳುದಾ? ಇಲ್ಲಾಂದ್ರೆ ಸಾರು ನಾನೇ ಸ್ವಲ್ಪ ಮಾಡಿ ಇಡ್ಲಾ?"

ನಾನು ಬೆಳಿಗ್ಗೆ ಎದ್ದು ಕೊತ್ತಂಬರಿ ಹುರಿದು, ಮೆಣಸು ಹುರಿದು, ಇಷ್ಟೆಲ್ಲ ಮಾಡಿ ಕಾಲಸಂದಿಯಲ್ಲಿ ಹಿಡಿದುಕೊಂಡು ಬಂದರೆ, ಅಲ್ಲಿ ಬೀಗಿತ್ತಿಯ ಬಿಸಿನೀರು ಎಲೆಗೆ ಬೀಳುವುದೇ? ಅಷ್ಟು ಹೊತ್ತಿಗೆ ಸರಿಯಾಗಿ ಒಂದು ಬಿಳಿ ಕಾರು ಹಾರ್ನು ಬಾರಿಸುತ್ತ ನಮ್ಮ ಮುಂದೆ ನುಗ್ಗಿ, ಅಲ್ಲಿಂದಲೂ ಪಕ್ಕಕ್ಕೆ ಹಾರಿಹೋಯಿತು. ಮುಂದೆ ಈಗ ಒಂದು ಕಂಟೇನರ್ ಲಾರಿ, ನಮಗೂ ಅದಕ್ಕೂ ನಡುವೆ ದೊಡ್ಡ ಖಾಲಿ ಜಾಗ. ಆ ಜಾಗ ನನಗೆ ಬೇರೆಯೇ ಥರ ಕಾಣತೊಡಗಿತು. ಎಷ್ಟು ದಂಡವಾಗಿ ಬಿದ್ದಿದೆ ಎನ್ನಿಸಿತು.

"ಹೋಗು ಮಾರಾಯ್ತಿ!" ಎಂದೆ. "ಎಂತ ನೋಡ್ತಾ ಇದ್ದೀ? ಲಾರಿಯ ಹತ್ರ ಹೋಗು, ಮತ್ತೊಬ್ಬ ನುಗ್ತಾನೆ!"

ಈ ಮಾತು ಹೇಳಿದ್ದು ನಾನೇ. ಅದೇ ಬಾಯಿ, ಅದೇ ನಾಲಿಗೆ. ಹಿಂದೆ ದಿನೇಶ ಗಹಗಹಿಸಿ ನಕ್ಕ.

ಶೈಲಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಅತ್ತೆ, ನಾಲ್ಕು ಎಲೆ ನಿಮ್ದೇ ಕಾನೂನು" ಎಂದಳು, ಅಷ್ಟೆ. ಕಾಲು ಇದ್ದಲ್ಲೇ ಇತ್ತು, ದೂರವೂ ಇದ್ದಷ್ಟೇ ಇತ್ತು.

ಅಷ್ಟರಲ್ಲಿ ಅಡ್ಡರಸ್ತೆಯಿಂದ ಒಂದು ನೀರಿನ ಟ್ಯಾಂಕರು, ತನ್ನಪ್ಪನ ರಸ್ತೆ ಎಂಬಂತೆ, ಲಾರಿಯ ಮುಂದೆ ಬಂದು ನಿಂತುಬಿಟ್ಟಿತು. ಲಾರಿಯ ಕೆಂಪು ದೀಪ ಹೊತ್ತಿತು. ಶೈಲಾ ಬ್ರೇಕ್ ಒತ್ತಿದಳು, ನಾನೂ ಒತ್ತಿದೆ. ಕಾರು ಮರ್ಯಾದೆಯಿಂದ ನಿಂತಿತು, ಲಾರಿಯ ಚಕ್ರ ನೆಲಕ್ಕೆ ಮುಟ್ಟುವುದು ಚೆನ್ನಾಗಿ ಕಾಣುತ್ತಿತ್ತು. ಅಬ್ಬಾ ಎಂದು ಉಸಿರು ಬಿಡಬೇಕು, ಹಿಂದಿನಿಂದ ಧಡ್ ಎಂದಿತು. ಕಾರು ಒಂದು ಎಲೆಯಷ್ಟು ಮುಂದಕ್ಕೆ ಜಾರಿ ಮತ್ತೆ ನಿಂತಿತು. ಆಗಲೂ ಲಾರಿ ಮುಟ್ಟಲಿಲ್ಲ. ನಮಗೂ ಅದಕ್ಕೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ದಾಟಿಹೋಗುವಷ್ಟು ಜಾಗ ಉಳಿದಿತ್ತು. ನಾನು ಹೇಳಿದ ಮಾತು ಅವಳು ಕೇಳಿದ್ದರೆ ಆ ಜಾಗದಲ್ಲಿ ನಮ್ಮ ಬೋನೆಟ್ಟು ಇರುತ್ತಿತ್ತು, ಬೋನೆಟ್ಟಿನ ಜಾಗದಲ್ಲಿ ನನ್ನ ಮೊಣಕಾಲು.

ಸಾರು? ಒಂದು ಹನಿ ಚೆಲ್ಲಲಿಲ್ಲ. ಇಲ್ಲದ ಬ್ರೇಕ್ ಒತ್ತಿ ಒತ್ತಿ ಗಟ್ಟಿಯಾದ ಕಾಲುಗಳು ಡಬ್ಬವನ್ನು ಇಕ್ಕಳದ ಹಾಗೆ ಹಿಡಿದಿದ್ದವು. ಆದರೆ ಹಿಂದೆ ದಿನೇಶ, ಪಾಯಸ ಗಟ್ಟಿಯಾಗಿದೆಯೇ ಎಂದು ನೋಡಲು ಅದೇ ಹೊತ್ತಿಗೆ ಮುಚ್ಚಳ ತೆಗೆದಿದ್ದ. ಗಟ್ಟಿಯಾಗಿರಲಿಲ್ಲ. ಜರಿಯಂಚಿನಿಂದ ಜರಿಯಂಚಿನ ತನಕ ಹರಿದಿತ್ತು.

ಅವನು ಇಳಿದ. ಇಳಿಯುವಾಗ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹಿಂದಿನಿಂದ ಗುದ್ದಿದವನ ಕಾಲರ್ ಹಿಡಿಯಲು ಹೋದವನು ಅಲ್ಲೇ ನಿಂತ. ಅದು ನಮ್ಮದೇ ಟೆಂಪೋ.

"ಏನಯ್ಯಾ ಇದು! ಕಣ್ಣು ಕಾಣುದಿಲ್ವಾ?"

ಸಿದ್ದಪ್ಪ ಇಳಿದು ಕೈ ಮುಗಿದ. "ಸಾಹೇಬ್ರ, ನೀವೇ ಹೇಳಿದ್ರಲ್ರೀ, ಬೆನ್ನ ಬಿಡಬ್ಯಾಡ, ನಡಕ ಯಾರನ್ನೂ ಬಿಟ್ಕೋಬ್ಯಾಡ ಅಂತ. ಠಾಣೇದಿಂದ ಒಬ್ಬನ್ನೂ ಬಿಟ್ಕೊಂಡಿಲ್ರೀ. ಒಂದ್ ಸೈಕಲ್ಲೂ ಬಂದಿಲ್ಲ ನಡಕ."

ದಿನೇಶನ ಪಂಚೆಯಿಂದ ಶ್ಯಾವಿಗೆ ತೊಟ್ಟಿಕ್ಕುತ್ತಿತ್ತು. ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಮಾಡಿದವನನ್ನು ಬೈಯುವುದು ಹೇಗೆ?

ಶೈಲಾ ಸ್ಟೇರಿಂಗ್ ಬಿಟ್ಟಿರಲಿಲ್ಲ. "ಅತ್ತೆ, ನಿಮಗೆ ಏನೂ ಆಗ್ಲಿಲ್ಲ ಅಲ್ವಾ?" ಎಂದಳು. ಆಮೇಲೆ ಇನ್ನೂ ಮೆತ್ತಗೆ, "ಗೀರು ಬಿದ್ದಿರ್ಬೇಕು" ಎಂದಳು. ಅವಳು ಮನಸ್ಸಿನಲ್ಲೇ ಮತ್ತೆ ಬೇಲಾಪುರದ ರೈಲನ್ನು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

ಗೀರು ಅಲ್ಲ, ಹಿಂದೆ ಒಂದು ಇಡ್ಲಿ ತಟ್ಟೆಯಷ್ಟು ಗುಳಿ ಬಿದ್ದಿತ್ತು. ದಿನೇಶ ಅದನ್ನು ಬೆರಳಿನಿಂದ ಸವರಿ, ಕಿಟಕಿಯಲ್ಲಿ ತಲೆ ಹಾಕಿ, "ಅಮ್ಮ, ಶರತ್ತು ಏನಿತ್ತು?" ಎಂದ. ನಾಚಿಕೆ ಎಂಬುದು ಗಂಡಸರಿಗೆ ಪಾಯಸ ಒಣಗಿದ ಮೇಲೆ ಬರುತ್ತದೆ ಎಂದು ಕಾಣುತ್ತದೆ.

"ಗುಳಿ ಬಿದ್ದದ್ದು ಹಿಂದೆ," ಎಂದೆ. "ಅವಳು ಓಡಿಸಿದ್ದು ಮುಂದಕ್ಕೆ. ಮುಂದೆ ಒಂದು ಗೀರು ತೋರಿಸು ನೋಡುವ. ಹಿಂದಿನದ್ದು ಓಡಿಸಿದ್ದು ನೀನು, ಟೆಂಪೋದಲ್ಲಿ ಕೂರದೆ. ಈಗ ಹತ್ತು, ಎಲೆ ಹಾಕ್ತಾರೆ."

ಡೊಂಬಿವಲಿಗೆ ಮುಟ್ಟಿದಾಗ ಎಲೆ ಹಾಕಿರಲಿಲ್ಲ. ಪುರೋಹಿತರೇ ತಡವಾಗಿ ಬಂದಿದ್ದರು, ಹೋಮದ ಹೊಗೆ ಇನ್ನೂ ಹೊಸ ಗೋಡೆಗೆ ಬಣ್ಣ ಬಳಿಯುತ್ತಿತ್ತು. ಮೊಮ್ಮಗಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಪಪ್ಪಾ, ಯೇ ಕ್ಯಾ ಹುವಾ?" ಎಂದಳು. ಅವನು ಭಾವಮೈದನ ಪಂಚೆ ಉಟ್ಟುಕೊಂಡು, ಯಾರಿಗೂ ಮುಖ ಕೊಡದೆ ಸಾರಿನ ಬಕೆಟ್ಟು ಎತ್ತಿಕೊಂಡ. ಅಭ್ಯಾಸ ಎಲ್ಲಿ ಹೋಗುತ್ತದೆ? ಅನ್ನದವನ ಹಿಂದೆ ಸರಿಯಾಗಿ ನಾಲ್ಕು ಎಲೆ ಬಿಟ್ಟು ಬಂದ. ಶೈಲಾಳ ಎಲೆಯ ಮುಂದೆ ಬಾಗಿದಾಗ ಅವಳು ಗುಂಡಿ ತೋಡಿ ಕಾಯುತ್ತಿದ್ದಳು.

"ಅಷ್ಟು ಗ್ಯಾಪ್ ಯಾಕೆ ಬಿಟ್ರಿ?" ಎಂದಳು, ಪಂಕ್ತಿಗೆಲ್ಲ ಕೇಳುವ ಹಾಗೆ. "ನಡುವೆ ಯಾರಾದ್ರೂ ನುಗ್ತಾರೆ."

ಅವನು ಒಂದು ಸೌಟು ಹೆಚ್ಚಿಗೆ ಹಾಕಿದ. ಸಂಜೆ ವಾಪಸು ಬರುವಾಗ ಅವಳೇ ಓಡಿಸಿದಳು. ಮನೆಗೆ ಬಂದ ಮೇಲೆ ಕೀ ಅವಳ ಪರ್ಸಿನಲ್ಲೇ ಉಳಿಯಿತು. ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ನಮ್ಮ ಮನೆಯಲ್ಲಿ ಒಪ್ಪಂದಗಳು ಆಗುವುದು ಹೀಗೆಯೇ.

ಈಗ ಶೈಲಾ ಕಾರಿನಲ್ಲಿ ಬೇಲಾಪುರಕ್ಕೆ ಹೋಗುತ್ತಾಳೆ. ಸ್ವಲ್ಪ ತಡವಾಗಿ ಬರುತ್ತಾಳೆ, ಆದರೆ ಬಂದವಳು ನೆಲದ ಮೇಲೆ ಮಲಗುವುದಿಲ್ಲ, ನೇರ ಅಡಿಗೆಮನೆಗೆ ಹೋಗುತ್ತಾಳೆ. ನಾನೂ ಹೋಗುತ್ತೇನೆ. ನಮ್ಮ ಅಡಿಗೆಮನೆ ಎಂದರೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕೈ ಚಾಚಿದರೆ ಮುಟ್ಟುತ್ತದೆ. ಅವಳು ಮುಂದೆ, ಅವಳ ಭುಜದ ಹಿಂದೆ ನಾನು. ಹುಳಿಗೆ ಏನು ಹಾಕಿದಳು, ಎಷ್ಟು ಹಾಕಿದಳು ಎಂದು ನೋಡಲು. ಅವಳು ಮದುವೆಯಾಗಿ ಬಂದಾಗಿನಿಂದ ಇದೇ ಕ್ರಮ, ಇದರಲ್ಲಿ ತಪ್ಪಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮೊನ್ನೆ ಹೀಗೆ ಹಿಂದೆ ಹಿಂದೆ ಹೋಗುತ್ತಿದ್ದಾಗ ಅವಳು ಇಂಗಿನ ಡಬ್ಬಿ ತೆಗೆಯಲು ಗಕ್ಕನೆ ನಿಂತಳು. ನನ್ನ ಗಲ್ಲ ಹೋಗಿ ಅವಳ ಬೆನ್ನಿಗೆ ಬಡಿಯಿತು. ಅವಳ ಕೈಯಲ್ಲಿದ್ದ ಸೌಟು ಅಲ್ಲಾಡಿ ಹುಳಿ ಒಲೆಯ ಮೇಲೆ ಚೆಲ್ಲಿತು.

ಅವಳು ತಿರುಗಿ ನೋಡಲಿಲ್ಲ. "ಅತ್ತೆ," ಎಂದಳು, "ನಾಲ್ಕು ಎಲೆ."

ಎಷ್ಟು ವಾದ ಮಾಡಬಹುದಿತ್ತು! ಆದರೆ ಕಾನೂನು ನಮ್ಮವರದ್ದು, ಒಪ್ಪಿಕೊಂಡವಳು ನಾನು. ನಾಲ್ಕು ಎಲೆ ಹಿಂದೆ ಬಂದರೆ ನಮ್ಮ ಫ್ಲ್ಯಾಟಿನಲ್ಲಿ ಅಡಿಗೆಮನೆಯ ಬಾಗಿಲು ದಾಟಿ, ಫ್ರಿಜ್ ದಾಟಿ, ಹಾಲ್‌ನ ಕುರ್ಚಿಗೆ ಬಂದು ಮುಟ್ಟುತ್ತದೆ. ಬಂದು ಕೂತೆ. ಅಲ್ಲಿಂದ ಒಲೆ ಕಾಣುವುದಿಲ್ಲ, ಪಾತ್ರೆ ಕಾಣುವುದಿಲ್ಲ, ಅವಳ ಬಲಗೈಯ ಮೊಣಕೈ ಒಂದು ಕಾಣುತ್ತದೆ. ಆ ಮೊಣಕೈ ಬೆಲ್ಲದ ಡಬ್ಬದ ಕಡೆಗೆ ಹೋಯಿತು, ಬಂತು. ಸರಿ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬೆಲ್ಲದ ಡಬ್ಬದ ಕಡೆಗೆ ಹೊರಟಿತು.

ನಾನು ಬಾಯಿ ತೆರೆಯಲಿಲ್ಲ. ಆದರೆ ನನ್ನ ಬಲಗಾಲು ತಾನಾಗಿಯೇ ಹೋಗಿ ಹಾಲ್‌ನ ನೆಲವನ್ನು ಗಟ್ಟಿಯಾಗಿ ಒತ್ತಿತು.